ಸುಮ್ಮನೆ ಕೂತ ಕಾವಲುಗಾರನಿಗೆ ಎಷ್ಟು ಅಂಕ?

ಅಡುಗೆಮನೆಯ ಕುಕ್ಕರ್ ನೋಡಿ. ಆವಿ ಹೆಚ್ಚಾದರೆ ವಿಸಲ್ ಕೂಗುತ್ತದೆ. ವಿಸಲ್‌ನ ತೂತಿಗೆ ಬೇಳೆ ಕಟ್ಟಿಕೊಂಡರೆ? ಆಗ ಮುಚ್ಚಳದ ಮೇಲಿನ ಸೇಫ್ಟಿ ವಾಲ್ವ್ ಕರಗಿ ಆವಿಗೆ ದಾರಿ ಬಿಡಬೇಕು. ವರ್ಷಗಟ್ಟಲೆ ಅದಕ್ಕೆ ಬೇರೆ ಕೆಲಸವೇ ಇಲ್ಲ. ಬೇಕಾದ ಆ ಒಂದು ಗಳಿಗೆಯಲ್ಲಿ ಅದೂ ಕೈಕೊಟ್ಟರೆ?

ಕೋಲಾರ ಜಿಲ್ಲೆಗೆ ಈ ಪ್ರಶ್ನೆ ಹೊಸದಲ್ಲ. 2001ರ ಫೆಬ್ರವರಿ 28ರಂದು ಮುಚ್ಚಿದ ಚಿನ್ನದ ಗಣಿಗಳಲ್ಲಿ ಕಾರ್ಮಿಕರು ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿಯುತ್ತಿದ್ದರು. ಗಣಿಯ ಕೇಜು ಮೇಲೇರುತ್ತಾ ನಿಲ್ಲಬೇಕಾದಲ್ಲಿ ನಿಲ್ಲದಿದ್ದರೆ, ಹಗ್ಗದಿಂದ ಕಳಚಿಕೊಂಡು ಅದನ್ನು ಗೋಪುರದಲ್ಲೇ ತೂಗಿ ಹಿಡಿಯುವ ಕೊಕ್ಕೆಯೊಂದು ಇರುತ್ತದೆ. ಆ ಕೊಕ್ಕೆ ತುಕ್ಕು ಹಿಡಿದಿದ್ದರೂ ಕೇಜು ದಿನವೂ ಸರಾಗವಾಗಿಯೇ ಓಡುತ್ತದೆ. ದೋಷ ಅಡಗಿರುವುದೇ ಹೀಗೆ.

ಅಡಗಿದ ಈ ದೋಷವನ್ನು ಲೆಕ್ಕಕ್ಕೆ ತರಲು ಎಂಜಿನಿಯರುಗಳು ಒಂದು ಶ್ರೇಣಿ ಕಟ್ಟಿದ್ದಾರೆ. ಅದರ ಹೆಸರು ‘ಸೇಫ್ಟಿ ಇಂಟೆಗ್ರಿಟಿ ಲೆವೆಲ್’, ಚುಟುಕಾಗಿ ‘ಸಿಲ್’. 1998ರಿಂದ 2000ದ ನಡುವೆ ಕಂತುಕಂತಾಗಿ ಹೊರಬಂದ ಐಇಸಿ 61508 ಎಂಬ ಅಂತರರಾಷ್ಟ್ರೀಯ ಮಾನಕ ಇದನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿತು. ಅಪರೂಪಕ್ಕೆ ಕೆಲಸ ಬೀಳುವ ಸಾಧನ ನೂರು ಸಲ ಕರೆದಾಗ 1ರಿಂದ 10 ಸಲ ಕೈಕೊಡುವಂತಿದ್ದರೆ ಸಿಲ್-1. ಸಾವಿರಕ್ಕೆ 1ರಿಂದ 10 ಆದರೆ ಸಿಲ್-2. ಹತ್ತು ಸಾವಿರಕ್ಕೆ ಅಷ್ಟೇ ಆದರೆ ಸಿಲ್-3, ಲಕ್ಷಕ್ಕೆ ಆದರೆ ಸಿಲ್-4.

ಸ್ವಾರಸ್ಯ ಇರುವುದು ಮುಂದೆ. ಒಂದು ವಾಲ್ವ್ ಸರಾಸರಿ ಹತ್ತು ವರ್ಷಕ್ಕೊಮ್ಮೆ ಯಾರಿಗೂ ತಿಳಿಯದಂತೆ ಕೆಡುತ್ತದೆ ಎನ್ನಿ. ವರ್ಷಕ್ಕೊಮ್ಮೆ ಪರೀಕ್ಷಿಸಿದರೆ ಕೆಟ್ಟದ್ದು ಪತ್ತೆಯಾಗಲು ಸರಾಸರಿ ಆರು ತಿಂಗಳು ಬೇಕು. ಅಂದರೆ ಬೇಕಾದಾಗ ಅದು ಕೈಕೊಡುವ ಸಾಧ್ಯತೆ ಇಪ್ಪತ್ತರಲ್ಲಿ ಒಂದು, ಸಿಲ್-1. ತಿಂಗಳಿಗೊಮ್ಮೆ ಪರೀಕ್ಷಿಸಿದರೆ ಅದು ಇನ್ನೂರ ನಲವತ್ತರಲ್ಲಿ ಒಂದಕ್ಕೆ ಇಳಿಯುತ್ತದೆ, ಸಿಲ್-2ರ ಮಟ್ಟ! ವಾಲ್ವ್ ಅದೇ, ಬದಲಾದದ್ದು ಪರೀಕ್ಷೆಯ ಅವಧಿ ಮಾತ್ರ. ವಿನ್ಯಾಸ, ಬಿಡಿಭಾಗಗಳ ಗುಣಮಟ್ಟಕ್ಕೂ ಬೇರೆ ನಿಯಮಗಳಿವೆ ನಿಜ. ಆದರೆ ಪರೀಕ್ಷೆ ತಪ್ಪಿದರೆ ಪ್ರಮಾಣಪತ್ರದ ಅಂಕಿಗೆ ಅರ್ಥ ಉಳಿಯದು.

ಇದು ಬರೀ ಕಾಗದದ ಲೆಕ್ಕವೆ? 1984ರ ಡಿಸೆಂಬರ್ 2ರ ರಾತ್ರಿಯ ಭೋಪಾಲವನ್ನು ನೆನೆಯಿರಿ. ಆ ಕಾರ್ಖಾನೆಯಲ್ಲಿ ರಕ್ಷಣೆಗೆ ಒಂದಲ್ಲ, ಹಲವು ಏರ್ಪಾಡುಗಳಿದ್ದವು. ವಿಷದ್ರವವನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆಯನ್ನು ದುರಸ್ತಿಗೆಂದು ಬಿಚ್ಚಿಡಲಾಗಿತ್ತು. ನೀರಿನ ಚಿಲುಮೆ ಅನಿಲ ಹೊರಬೀಳುತ್ತಿದ್ದ ಎತ್ತರವನ್ನು ಮುಟ್ಟಲೇ ಇಲ್ಲ. ಸಾವಿರಾರು ಜನ ಸತ್ತರು. ಆ ಬಳಿಕ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಅಪಾಯಕಾರಿ ಪ್ರಕ್ರಿಯೆಗಳಿಗೆಂದೇ ಹೊಸ ಅಧ್ಯಾಯ ಸೇರಿಸಲಾಯಿತು.

ಇಂದು ಮಾಲೂರು, ನರಸಾಪುರ, ವೇಮಗಲ್‌ಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದಿವೆ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳ ಮಕ್ಕಳೂ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ. ಬಾಯ್ಲರ್ ಇರಲಿ, ಅಮೋನಿಯಾ ಬಳಸುವ ಶೀತಲಗೃಹವಿರಲಿ, ‘ಸೇಫ್ಟಿ ಇದೆಯೇ?’ ಎಂದು ಕೇಳಿದರೆ ‘ಇದೆ’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ‘ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ರಿಜಿಸ್ಟರ್ ತೋರಿಸಿ.’