ಪಾವಗಡದ ಬಿಸಿಲು ಕರೆಂಟಾದ ಬಗೆ

ತುಮಕೂರು ಜಿಲ್ಲೆಯ ಪಾವಗಡ ಎಂದರೆ ಬರದ ತಾಲ್ಲೂಕು ಎಂಬ ಮಾತು ಹಳೆಯದು. ಮಳೆ ನಂಬಿ ಕಡಲೆಕಾಯಿ ಬಿತ್ತುವುದು, ಮಳೆ ಕೈಕೊಟ್ಟರೆ ಬೆಂಗಳೂರಿಗೆ ಕೂಲಿಗೆ ಹೋಗುವುದು ಅಲ್ಲಿನ ಎಷ್ಟೋ ಕುಟುಂಬಗಳ ಬದುಕಾಗಿತ್ತು. ಬಿಸಿಲಿಗೆ ಮಾತ್ರ ಕೊರತೆ ಇರಲಿಲ್ಲ. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಈಗ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡಿತು.

ಸೋಲಾರ್ ಫಲಕ ಕೆಲಸ ಮಾಡುವುದು ಸೂರ್ಯನ ಶಾಖದಿಂದಲ್ಲ, ಬೆಳಕಿನಿಂದ. ಫಲಕದ ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನ್‌ಗಳು ಹರಿಯತೊಡಗುತ್ತವೆ. ಅದೇ ವಿದ್ಯುತ್. ಫಲಕ ಅತಿಯಾಗಿ ಕಾದರೆ ಉತ್ಪಾದನೆ ಸ್ವಲ್ಪ ಇಳಿಯುತ್ತದೆ, ಧೂಳು ಕೂತರೂ ಇಳಿಯುತ್ತದೆ. ಹೀಗೆ ಬರುವ ಡಿ.ಸಿ. ಕರೆಂಟನ್ನು ಇನ್ವರ್ಟರ್ ಎ.ಸಿ. ಆಗಿ ಬದಲಿಸಿ ಗ್ರಿಡ್‌ಗೆ ಕಳಿಸುತ್ತದೆ. ಕಲ್ಲಿದ್ದಲು ಬೇಡ, ಹೊಗೆ ಇಲ್ಲ. ಆದರೆ ಸಂಜೆ ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಉತ್ಪಾದನೆ ನಿಲ್ಲುತ್ತದೆ. ಆಗ ಜಲವಿದ್ಯುತ್, ಶಾಖೋತ್ಪನ್ನ ಸ್ಥಾವರಗಳೇ ಗತಿ.

ಮನೆಯ ತಾರಸಿಯಲ್ಲೂ ಇದೇ ಲೆಕ್ಕ. ಒಂದು ಕಿಲೋವಾಟ್‌ಗೆ ಸುಮಾರು ನೂರು ಚದರಡಿ ಜಾಗ ಬೇಕು, ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಬರುತ್ತದೆ. ಬ್ಯಾಟರಿ ಇಲ್ಲದೆ ಗ್ರಿಡ್‌ಗೆ ಜೋಡಿಸಿದ್ದರೆ ಲೈನ್ ಹೋದಾಗ ಮನೆಯ ಕರೆಂಟೂ ಹೋಗುತ್ತದೆ. ಕಂಬದ ಮೇಲೆ ರಿಪೇರಿ ಮಾಡುವವರ ಜೀವಕ್ಕೆ ಅಪಾಯ ಆಗಬಾರದೆಂದೇ ಹೀಗೆ ಮಾಡಿರುತ್ತಾರೆ. ಹಣ ಕೊಡುವ ಮೊದಲೇ ಇದನ್ನು ತಿಳಿದಿರುವುದು ಒಳ್ಳೆಯದು.

ಪಾವಗಡದ ವಿಶೇಷ ಯಂತ್ರಕ್ಕಿಂತ ಜಮೀನಿನ ವ್ಯವಹಾರದಲ್ಲಿದೆ. ಸರ್ಕಾರ ಭೂಮಿ ಕೊಳ್ಳಲಿಲ್ಲ, ದೀರ್ಘ ಅವಧಿಯ ಗುತ್ತಿಗೆಗೆ ಪಡೆಯಿತು. ಒಡೆತನ ರೈತನಲ್ಲೇ ಉಳಿಯಿತು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಐದು ಎಕರೆ ಇದ್ದವನಿಗೆ ಮಳೆ ಬರಲಿ ಬಿಡಲಿ 1,05,000 ರೂಪಾಯಿ ಖಚಿತ. ಬೆಳೆ ಕಳೆದುಕೊಂಡೇ ಅಭ್ಯಾಸವಾದವರಿಗೆ ಇದು ಸಣ್ಣ ಮಾತಲ್ಲ. ಆದರೂ ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಏರಿಕೆ ಕಡಿಮೆಯೇ. ಇಪ್ಪತ್ತು ವರ್ಷ ಕಳೆದರೂ ಬಾಡಿಗೆ ಸುಮಾರು 34,000 ಮುಟ್ಟುತ್ತದೆ ಅಷ್ಟೆ. ಅಷ್ಟರಲ್ಲಿ ಅಕ್ಕಿ, ಎಣ್ಣೆ ಬೆಲೆ ಎಲ್ಲಿಗೆ ಹೋಗಿರುತ್ತದೋ!

ಇನ್ನು ಜಮೀನೇ ಇಲ್ಲದವರ ಗತಿ ಬೇರೆ. ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಕೂಲಿಯವರಿಗೆ ಆ ಕೆಲಸ ಹೋಯಿತು, ಕುರಿ ಮೇಯಿಸುವವರಿಗೆ ಬಯಲು ಬೇಲಿಯೊಳಗೆ ಸೇರಿತು. ಫಲಕ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು ಇಂಥ ಕೆಲಸ ಕೆಲವರಿಗೆ ಸಿಕ್ಕಿದೆ, ಎಲ್ಲರಿಗೂ ಅಲ್ಲ.