ಸಂಗ್ರಹಯಂತ್ರ ಮೂಕವಾದಾಗ

ಬೆಂಗಳೂರಿನ ದಕ್ಷಿಣದಲ್ಲಿ, ಕನಕಪುರ ರಸ್ತೆಯ ಮಗ್ಗುಲಿಗೆ ಜರಗನಹಳ್ಳಿ ಎಂಬ ಊರಿದೆ. ಹೆಸರಿನಲ್ಲಿ ಹಳ್ಳಿ ಉಳಿದಿದ್ದರೂ ಇಂದು ಅದು ನಗರದ ಒಂದು ಭಾಗವೇ ಆಗಿಹೋಗಿದೆ. ಹಿಂದಿನ ಕಾಲದ ಆ ಹಳ್ಳಿಯನ್ನು ವಾಚಕರು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ಊರಿನ ಲೆಕ್ಕವನ್ನು ಒಬ್ಬ ಶಾನುಭೋಗರ ಬದಲು ಮೂವರು ಶಾನುಭೋಗರು, ಮೂರು ಬೇರೆ ಬೇರೆ ಮನೆಗಳಲ್ಲಿ, ಮೂರು ಪುಸ್ತಕಗಳಲ್ಲಿ ಬರೆದಿಡುತ್ತಿದ್ದರೆಂದು ಭಾವಿಸೋಣ. ಯಾವ ರೈತ ಕಂದಾಯ ಕಟ್ಟಿದರೂ ಮೂರು ಪುಸ್ತಕಗಳಲ್ಲಿಯೂ ಅದು ದಾಖಲಾಗಬೇಕು. ಹೀಗಿದ್ದರೆ ಒಂದು ಮನೆಗೆ ಬೆಂಕಿ ಬಿದ್ದರೂ, ಒಂದು ಪುಸ್ತಕಕ್ಕೆ ಗೆದ್ದಲು ಹತ್ತಿದರೂ ಊರಿನ ಲೆಕ್ಕ ಉಳಿಯುತ್ತದೆ.

ಏರ್ಪಾಡು ಚೆನ್ನಾಗಿಯೇ ಇದೆ. ಆದರೆ ಒಂದು ಬೆಳಗ್ಗೆ ಮೂರನೆಯ ಶಾನುಭೋಗರ ಮನೆಯಿಂದ ಯಾವ ಉತ್ತರವೂ ಬರುವುದಿಲ್ಲ. ಅವರು ತೀರಿಕೊಂಡರೆ? ಗಾಢವಾಗಿ ನಿದ್ರಿಸುತ್ತಿರುವರೆ? ಅಥವಾ ಮಳೆಗೆ ದಾರಿ ಕೊಚ್ಚಿಹೋಗಿ ಓಲೆ ಒಯ್ದವನೇ ಅವರನ್ನು ಮುಟ್ಟಲಿಲ್ಲವೆ? ಹೊರಗೆ ಕಾದು ಕುಳಿತವರಿಗೆ ಈ ಮೂರೂ ಒಂದೇ ಬಗೆಯಾಗಿ ತೋರುತ್ತವೆ. ಇಂದಿನ ಗಣಕಕೇಂದ್ರಗಳಲ್ಲಿ ಸಂಗ್ರಹಯಂತ್ರವೊಂದು ಕುಸಿದಾಗ ತಂತ್ರಜ್ಞನ ಮುಂದೆ ನಿಲ್ಲುವ ಮೊದಲ ಪ್ರಶ್ನೆಯೂ ಇದೇ ಆಗಿದೆ.

ಹಂಚಿಡುವುದೇಕೆ?

ನಮ್ಮ ಪತ್ರಗಳು, ಭಾವಚಿತ್ರಗಳು, ಪರೀಕ್ಷೆಯ ಅಂಕಗಳು, ಆಸ್ಪತ್ರೆಯ ವರದಿಗಳು ಇಂದು ಗಣಕಯಂತ್ರದ ಡಿಸ್ಕುಗಳಲ್ಲಿ ಕಡತಗಳಾಗಿ ಕುಳಿತಿವೆ. ಡಿಸ್ಕು ಕೆಡುವುದು ಅಪರೂಪವಲ್ಲ. ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಮೊದಲ ವರ್ಷದಲ್ಲಿರುವ ಡಿಸ್ಕುಗಳಲ್ಲಿ ವರ್ಷಕ್ಕೆ ಶೇಕಡ 1.7ರಷ್ಟು ಕೆಟ್ಟರೆ, ಮೂರು ವರ್ಷದವುಗಳಲ್ಲಿ ಶೇಕಡ 8ಕ್ಕೂ ಹೆಚ್ಚು ಕೆಟ್ಟವು. ಮನೆಯಲ್ಲಿ ಒಂದೇ ಡಿಸ್ಕು ಉಳ್ಳವನಿಗೆ ಇದು ದೂರದ ಭಯ. ಆದರೆ ಸಾವಿರ ಹಳೆಯ ಡಿಸ್ಕುಗಳಿರುವ ಕೇಂದ್ರದಲ್ಲಿ ವರ್ಷಕ್ಕೆ 80 ಕೆಡುತ್ತವೆ. ಅಂದರೆ ನಾಲ್ಕೈದು ದಿನಕ್ಕೊಂದು! ಅಲ್ಲಿ ಕೆಡುವುದೇ ನಿಯಮ, ಕೆಡದಿರುವುದೇ ವಿಶೇಷ.

ಆದ್ದರಿಂದ ಒಂದೇ ಕಡತದ ಪ್ರತಿಗಳನ್ನು ಹಲವು ಯಂತ್ರಗಳಲ್ಲಿಟ್ಟು, ಬಳಸುವವನಿಗೆ ಮಾತ್ರ ಅವೆಲ್ಲ ಸೇರಿ ಒಂದೇ ಭಂಡಾರದಂತೆ ತೋರುವ ಹಾಗೆ ಮಾಡುತ್ತಾರೆ. ಇದಕ್ಕೆ ವಿತರಿತ ಕಡತವ್ಯವಸ್ಥೆ ಎಂದು ಹೆಸರು.

ಇಂತಹ ವ್ಯವಸ್ಥೆಗಳಲ್ಲಿ ಒಂದಾದ ಗ್ಲಸ್ಟರ್ ಬಹುಮಟ್ಟಿಗೆ ನಮ್ಮ ಬೆಂಗಳೂರಿನಲ್ಲಿಯೇ ಬೆಳೆದದ್ದೆಂಬುದು ಸಂತೋಷದ ಸಂಗತಿ. ಆನಂದ ಬಾಬು ಪೆರಿಯಸಾಮಿಯವರು ಸಂಗಡಿಗರೊಡನೆ 2005ರಲ್ಲಿ ಆರಂಭಿಸಿದ ಗ್ಲಸ್ಟರ್ ಸಂಸ್ಥೆಯ ಮುಖ್ಯ ಕಚೇರಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿತ್ತು. ತಂತ್ರಾಂಶವನ್ನು ರಚಿಸುವ ಕೇಂದ್ರ ಬೆಂಗಳೂರಿನಲ್ಲಿತ್ತು. 2011ರಲ್ಲಿ ರೆಡ್ ಹ್ಯಾಟ್ ಸಂಸ್ಥೆ ಅದನ್ನು ಸುಮಾರು 13 ಕೋಟಿ 60 ಲಕ್ಷ ಡಾಲರುಗಳಿಗೆ ಕೊಂಡುಕೊಂಡಿತು. ರೆಡ್ ಹ್ಯಾಟಿನ ವಾಣಿಜ್ಯ ರೂಪಕ್ಕೆ ಇದ್ದ ಬೆಂಬಲ 2024ರ ಕೊನೆಗೆ ಮುಗಿದಿದ್ದರೂ ಮೂಲ ತಂತ್ರಾಂಶ ಯಾರು ಬೇಕಾದರೂ ಬಳಸಬಹುದಾದ, ಓದಿ ತಿದ್ದಬಹುದಾದ ಮುಕ್ತ ಕೃತಿಯಾಗಿ ಉಳಿದಿದೆ. ನಮ್ಮ ವಿವರಣೆಗೆ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಗ್ಲಸ್ಟರಿನಲ್ಲಿ ಒಂದು ಯಂತ್ರವು ಭಂಡಾರಕ್ಕೆ ಒಪ್ಪಿಸಿದ ಡಿಸ್ಕಿನ ಭಾಗಕ್ಕೆ ಬ್ರಿಕ್, ಅಂದರೆ ಇಟ್ಟಿಗೆ, ಎಂದು ಹೆಸರು. ಇಟ್ಟಿಗೆಗಳನ್ನು ಸೇರಿಸಿ ಭಂಡಾರವನ್ನು ಕಟ್ಟುತ್ತಾರೆ. ಯಾವ ಕಡತ ಎಲ್ಲಿದೆಯೆಂದು ಹೇಳಲು ಇಲ್ಲಿ ಮುಖ್ಯ ಗುಮಾಸ್ತನಿಲ್ಲ. ಕಡತದ ಹೆಸರನ್ನೇ ಒಂದು ಗಣಿತಸೂತ್ರಕ್ಕೆ ಒಡ್ಡಿದರೆ ಒಂದು ಸಂಖ್ಯೆ ಬರುತ್ತದೆ. ಅದು ಯಾವ ಇಟ್ಟಿಗೆಗಳ ಗುಂಪಿಗೆ ಸೇರಿದ್ದೆಂಬುದನ್ನು ಆ ಸಂಖ್ಯೆಯೇ ಸೂಚಿಸುತ್ತದೆ. ಮುಖ್ಯ ಗುಮಾಸ್ತನೇ ಇಲ್ಲದ ಮೇಲೆ ಅವನು ಕಾಯಿಲೆ ಬಿದ್ದು ಕಚೇರಿ ಮುಚ್ಚುವ ಭಯವೂ ಇಲ್ಲ.

ಮೌನವೇ ಮರಣವಲ್ಲ

ಈಗ ಮೂರನೆಯ ಯಂತ್ರ ಮೂಕವಾಯಿತೆನ್ನೋಣ. ಅದರ ಕೆಲಸದ ಪ್ರಕ್ರಿಯೆ ಮಾತ್ರ ಕುಸಿದಿದ್ದರೆ, ಆ ಯಂತ್ರದ ಕಾರ್ಯವ್ಯವಸ್ಥೆಯೇ ಅದು ಹಿಡಿದಿದ್ದ ಸಂಪರ್ಕಗಳನ್ನು ಮುಚ್ಚಿ ಉಳಿದವರಿಗೆ ಸುದ್ದಿ ಮುಟ್ಟಿಸುತ್ತದೆ. ಆದರೆ ವಿದ್ಯುತ್ತು ಹೋಗಿದ್ದರೆ, ಇಲ್ಲವೆ ತಂತಿ ಕಡಿದಿದ್ದರೆ, ಸುದ್ದಿ ಹೇಳಲು ಯಾರೂ ಉಳಿದಿರುವುದಿಲ್ಲ. ಆಗ ಕಾಯುವುದೊಂದೇ ದಾರಿ. ಗ್ಲಸ್ಟರ್ ವಾಡಿಕೆಯಾಗಿ 42 ಸೆಕೆಂಡು ಕಾಯುತ್ತದೆ. ಹಡೂಪ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಪ್ರತಿ ಯಂತ್ರವೂ 3 ಸೆಕೆಂಡಿಗೊಮ್ಮೆ ತಾನು ಬದುಕಿರುವೆನೆಂದು ಸಾರುತ್ತದೆ. ಹತ್ತೂವರೆ ನಿಮಿಷ ಸದ್ದಿಲ್ಲದಿದ್ದರೆ ಮಾತ್ರ ಅದನ್ನು ಸತ್ತದ್ದೆಂದು ಎಣಿಸುತ್ತಾರೆ. ಅಲ್ಲಿ ಒಂದು ಯಂತ್ರ ಸತ್ತಿತೆಂದೊಡನೆ ಅದರಲ್ಲಿದ್ದುದನ್ನೆಲ್ಲ ಬೇರೆಡೆ ಮತ್ತೆ ನಕಲು ಮಾಡಬೇಕಾಗುವುದರಿಂದ ಆತುರ ದುಬಾರಿಯಾದದ್ದು.

ಈ ಅವಧಿಗಳನ್ನು ಕುಗ್ಗಿಸಿ ಸತ್ಯವನ್ನು ಕೂಡಲೆ ತಿಳಿಯಬಾರದೆ? ಸಾಧ್ಯವಿಲ್ಲ. ಸುದ್ದಿ ಎಷ್ಟು ಬೇಕಾದರೂ ತಡವಾಗಬಹುದಾದ ಜಾಲದಲ್ಲಿ ನಿಧಾನವಾದ ಯಂತ್ರಕ್ಕೂ ಸತ್ತ ಯಂತ್ರಕ್ಕೂ ಇರುವ ಭೇದವನ್ನು ಹೊರಗಿನಿಂದ ಖಚಿತವಾಗಿ ಅರಿಯುವ ಉಪಾಯವಿಲ್ಲ. ಇಂತಹ ಜಾಲದಲ್ಲಿ ಒಂದೇ ಒಂದು ಯಂತ್ರ ಕುಸಿಯುವ ಸಂಭವವಿದ್ದರೂ, ಉಳಿದವು ನಿಶ್ಚಯವಾಗಿ ಒಮ್ಮತಕ್ಕೆ ಬಂದೇ ತೀರುತ್ತವೆಂದು ಭರವಸೆ ಕೊಡುವ ವಿಧಾನವಿಲ್ಲವೆಂಬುದನ್ನು ಫಿಶರ್, ಲಿಂಚ್ ಮತ್ತು ಪ್ಯಾಟರ್ಸನ್ ಎಂಬ ವಿದ್ವಾಂಸರು 1985ರಲ್ಲಿ ಗಣಿತದಿಂದಲೇ ಸಾಧಿಸಿ ತೋರಿಸಿದರು. ಆದುದರಿಂದ ನಲವತ್ತೆರಡು ಸೆಕೆಂಡು ಎಂಬುದು ಸತ್ಯವಲ್ಲ, ಒಂದು ಒಪ್ಪಂದ. ದುರಸ್ತಿಗೆ ಹೊರಟವನು ಇದನ್ನು ಮರೆಯಬಾರದು.

ಸತ್ತದ್ದು ಯಾವುದು?

ಅನುಭವಿಯಾದ ತಂತ್ರಜ್ಞ ಮೊದಲು ಕೇಳುವುದು ‘ಹೇಗೆ ಸರಿಪಡಿಸಲಿ?’ ಎಂದಲ್ಲ, ‘ಸತ್ತದ್ದು ಯಾವುದು?’ ಎಂದು. ಯಂತ್ರಕ್ಕೆ ಹೋಗುವ ದಾರಿಯೆ, ಯಂತ್ರವೆ, ಅದರೊಳಗಿನ ಒಂದು ಪ್ರಕ್ರಿಯೆಯೆ, ಅಥವಾ ಡಿಸ್ಕೆ? ಗ್ಲಸ್ಟರಿನ ಪ್ರತಿ ಯಂತ್ರದಲ್ಲಿಯೂ ಆಡಳಿತ ನೋಡಿಕೊಳ್ಳುವ ಒಂದು ಪ್ರಕ್ರಿಯೆ ಇರುತ್ತದೆ. ಇಟ್ಟಿಗೆಗಳ ಓದುಬರಹ ನೋಡಿಕೊಳ್ಳುವ ಪ್ರಕ್ರಿಯೆಗಳು ಬೇರೆ. ಆಡಳಿತದ ಪ್ರಕ್ರಿಯೆ ಕುಸಿದರೆ ನೆರೆಯ ಯಂತ್ರಗಳ ಪಟ್ಟಿಯಲ್ಲಿ ಅದು ಸಂಪರ್ಕ ತಪ್ಪಿದ್ದೆಂದು ಕಾಣುತ್ತದೆ. ಆದರೆ ಅದರ ಇಟ್ಟಿಗೆ ಆಗಲೂ ಕಡತಗಳನ್ನು ಒದಗಿಸುತ್ತಿರಬಹುದು. ಯಜಮಾನ ಊರಲ್ಲಿಲ್ಲದ ಮಾತ್ರಕ್ಕೆ ಅಂಗಡಿ ಮುಚ್ಚಿದೆಯೆಂದು ತಿಳಿದು ಬೀಗ ಜಡಿಯುವುದು ಎಂತಹ ಅವಿವೇಕ!

ಎರಡನೆಯ ಹೆಜ್ಜೆ, ಲಾಗ್ ಎಂದು ಕರೆಯುವ ದಿನಚರಿಯನ್ನು ಓದುವುದು. ಪ್ರಕ್ರಿಯೆಯು ಕುಸಿಯುವ ಮುನ್ನ ತಾನು ಕೈಯಲ್ಲಿ ಹಿಡಿದಿದ್ದ ಕೆಲಸಗಳನ್ನು, ಕುಸಿದ ಕಾಲವನ್ನು, ಬಂದ ಸಂಕೇತದ ಸಂಖ್ಯೆಯನ್ನು ಬರೆದಿಟ್ಟು ಹೋಗಿರುತ್ತದೆ. ಸಂಖ್ಯೆ 11 ಎಂದಿದ್ದರೆ ತಂತ್ರಾಂಶವು ತನ್ನದಲ್ಲದ ಸ್ಮೃತಿಸ್ಥಾನಕ್ಕೆ ಕೈಹಾಕಿತೆಂದರ್ಥ; ತಪ್ಪು ತಂತ್ರಾಂಶದ್ದಾಗಿರಬಹುದು. ಏನನ್ನೂ ಬರೆಯದೆ ಹಠಾತ್ತನೆ ನಿಂತಿದ್ದರೆ ಕಾರ್ಯವ್ಯವಸ್ಥೆಯ ದಿನಚರಿಯನ್ನು ನೋಡಬೇಕು. ಸ್ಮೃತಿ ಸಾಲದೆ ಬಂದಾಗ ಕಾರ್ಯವ್ಯವಸ್ಥೆ 9ನೆಯ ಸಂಕೇತದಿಂದ ಪ್ರಕ್ರಿಯೆಯನ್ನು ಕೊಂದುಬಿಡುತ್ತದೆ; ಹಾಗೆ ಕೊಲ್ಲಲ್ಪಟ್ಟದ್ದು ಕೊನೆಯ ಮಾತು ಬರೆಯಲಾರದು. ಇನ್ನೂ ಒಂದು ಸೋಜಿಗವುಂಟು. ಇಟ್ಟಿಗೆಯ ಪ್ರಕ್ರಿಯೆ 30 ಸೆಕೆಂಡಿಗೊಮ್ಮೆ ತನ್ನ ಡಿಸ್ಕಿನ ನಾಡಿ ಹಿಡಿದು ನೋಡುತ್ತದೆ. ಡಿಸ್ಕು ಕೆಟ್ಟಿದೆಯೆಂದು ಕಂಡರೆ ತಾನಾಗಿಯೇ ಕೊನೆಗೊಳ್ಳುತ್ತದೆ. ಕೆಟ್ಟ ಡಿಸ್ಕಿನೊಡನೆ ಅರೆಬದುಕು ಬದುಕಿ ಎಲ್ಲರನ್ನೂ ಕಾಯಿಸುವುದಕ್ಕಿಂತ ಸ್ಪಷ್ಟವಾಗಿ ಸಾಯುವುದೇ ಲೇಸೆಂಬ ನೀತಿ ಇದು. ಇಂತಹ ಪ್ರಕ್ರಿಯೆಯನ್ನು ಮತ್ತೆ ಮತ್ತೆ ಎಬ್ಬಿಸಿ ಫಲವಿಲ್ಲ, ಡಿಸ್ಕನ್ನೇ ನೋಡಬೇಕು.

ದೂರುಪಟ್ಟಿ

ಉಳಿದ ಇಬ್ಬರು ಶಾನುಭೋಗರು ಈ ನಡುವೆ ಸುಮ್ಮನಿರುವುದಿಲ್ಲ. ರೈತರು ಬರುತ್ತಲೇ ಇರುತ್ತಾರೆ, ಲೆಕ್ಕ ಏರುತ್ತಲೇ ಇರುತ್ತದೆ. ಆದರೆ ಪ್ರತಿ ನಮೂದಿನ ಪಕ್ಕದಲ್ಲಿ ಅವರು ‘ಇದು ಮೂರನೆಯವರಿಗೆ ತಲುಪಿಲ್ಲ’ ಎಂದು ಗುರುತು ಹಾಕುತ್ತಾರೆ. ಗ್ಲಸ್ಟರಿನ ಮರ್ಮವಿರುವುದು ಈ ಗುರುತಿನಲ್ಲಿ. ಬರೆಯುವ ಮೊದಲು ಎಲ್ಲ ಪ್ರತಿಗಳಲ್ಲಿಯೂ ‘ಬರಹ ನಡೆಯುತ್ತಿದೆ’ ಎಂಬ ಗುರುತು ಬೀಳುತ್ತದೆ. ಬರಹ ಎಲ್ಲೆಡೆಯೂ ಮುಗಿದರೆ ಗುರುತು ಅಳಿಯುತ್ತದೆ. ಒಂದು ಕಡೆ ಮುಗಿಯದಿದ್ದರೆ, ಉಳಿದ ಪ್ರತಿಗಳು ಆ ಒಂದರ ಮೇಲಿನ ದೂರನ್ನು ಕಡತದ ಜೊತೆಯಲ್ಲಿಯೇ ಇಟ್ಟುಕೊಳ್ಳುತ್ತವೆ.

ಸತ್ತ ಯಂತ್ರ ಮರಳಿದಾಗ ಯಾರದು ಸರಿಯಾದ ಪ್ರತಿ ಎಂಬುದನ್ನು ಈ ದೂರುಗಳೇ ನಿರ್ಣಯಿಸುತ್ತವೆ. ಸ್ವಸ್ಥಗೊಳಿಸುವ ಒಂದು ಪ್ರಕ್ರಿಯೆ 10 ನಿಮಿಷಕ್ಕೊಮ್ಮೆಯೂ, ಇಟ್ಟಿಗೆ ಮರಳಿ ಬಂದೊಡನೆಯೂ ದೂರುಪಟ್ಟಿಯನ್ನು ತೆಗೆದುಕೊಂಡು ಒಳ್ಳೆಯ ಪ್ರತಿಯಿಂದ ಹಿಂದುಳಿದ ಪ್ರತಿಗೆ ನಕಲು ಮಾಡುತ್ತದೆ.

ದುರಸ್ತಿಗಾರನ ನಿಜವಾದ ಪರೀಕ್ಷೆ ಆಗ ಆರಂಭವಾಗುತ್ತದೆ. ಮರಳಿದ ಯಂತ್ರ ಹಳೆಯ ಯಂತ್ರವೇ ಹೌದೆ? ಯಂತ್ರ ಎದ್ದಿತು, ಆದರೆ ಅದರ ದೊಡ್ಡ ಡಿಸ್ಕು ಜೋಡಣೆಯಾಗಲಿಲ್ಲವೆನ್ನಿ. ಡಿಸ್ಕು ಇರಬೇಕಾದ ಜಾಗದಲ್ಲಿ ಬರಿದಾದ ಕೋಶವೊಂದು ಕಾಣುತ್ತದೆ. ಅದನ್ನೇ ಇಟ್ಟಿಗೆಯೆಂದು ನಂಬಿದರೆ ಬರಿದೇ ಭಂಡಾರವಾಗುವ ಅಪಾಯವಿದೆ. ಆದ್ದರಿಂದ ಪ್ರತಿ ಇಟ್ಟಿಗೆಯ ಮೇಲೂ ಭಂಡಾರದ ಗುರುತುಸಂಖ್ಯೆಯ ಮುದ್ರೆ ಇರುತ್ತದೆ. ಮುದ್ರೆ ಕಾಣದಿದ್ದರೆ ಇಟ್ಟಿಗೆಯ ಪ್ರಕ್ರಿಯೆ ಏಳಲು ನಿರಾಕರಿಸುತ್ತದೆ. ಅವಸರಗಾರರು ಈ ನಿರಾಕರಣೆಯನ್ನೇ ರೋಗವೆಂದು ತಿಳಿದು, ಬರಿದಾದ ಕೋಶಕ್ಕೆ ಮುದ್ರೆಯನ್ನು ತಾವೇ ಒತ್ತಿಬಿಡುತ್ತಾರೆ. ಅದು ರೋಗವಲ್ಲ, ಕಾವಲು. ಡಿಸ್ಕನ್ನು ಜೋಡಿಸಿದರೆ ಮುದ್ರೆ ತಾನಾಗಿಯೇ ಕಾಣುತ್ತದೆ. ಹಾಗೆಯೇ ಪ್ರತಿ ಯಂತ್ರಕ್ಕೂ ಒಂದು ಗುರುತುಸಂಖ್ಯೆಯುಂಟು. ಹೊಸದಾಗಿ ತಂತ್ರಾಂಶ ಹಾಕಿದ ಯಂತ್ರ ಹಳೆಯ ಹೆಸರಿನಿಂದಲೇ ಬಂದರೂ ಹಳೆಯ ಸಂಖ್ಯೆ ಇಲ್ಲದಿದ್ದರೆ ನೆರೆಯವರು ಅದನ್ನು ಅಪರಿಚಿತನೆಂದೇ ಎಣಿಸುತ್ತಾರೆ.

ಇಬ್ಬರೂ ಸರಿ, ಇಬ್ಬರೂ ತಪ್ಪು

ಎಲ್ಲಕ್ಕಿಂತ ಭಯಂಕರವಾದದ್ದು ಸಾವಲ್ಲ, ಭಿನ್ನಾಭಿಪ್ರಾಯ. ಪ್ರತಿಗಳು ಎರಡೇ ಇವೆಯೆನ್ನೋಣ. ಸೋಮವಾರ ಎರಡನೆಯದು ಮಲಗಿತ್ತು. ಮೊದಲನೆಯದು ಒಂಟಿಯಾಗಿ ಬರೆದುಕೊಂಡು ಎರಡನೆಯದರ ಮೇಲೆ ದೂರಿಟ್ಟಿತು. ಮಂಗಳವಾರ ಎರಡನೆಯದು ಎದ್ದಿತು, ಆದರೆ ಅಷ್ಟರಲ್ಲಿ ಮೊದಲನೆಯದು ಮಲಗಿತು. ಈಗ ಎರಡನೆಯದು ಅದೇ ಕಡತದಲ್ಲಿ ಬರೆದು ಮೊದಲನೆಯದರ ಮೇಲೆ ದೂರಿಟ್ಟಿತು. ಬುಧವಾರ ಎರಡೂ ಎದ್ದು ಪರಸ್ಪರ ಬೆರಳು ತೋರಿಸುತ್ತವೆ. ಯಾವುದು ಸರಿ? ಎರಡರಲ್ಲಿಯೂ ಇನ್ನೊಂದರಲ್ಲಿಲ್ಲದ ಬರಹವಿದೆ. ಇದನ್ನು ತಂತ್ರಜ್ಞರು ಮಿದುಳು ಸೀಳಿದ ಸ್ಥಿತಿಯೆಂದು ಕರೆಯುತ್ತಾರೆ. ಆಗ ಮನುಷ್ಯನೇ ತೀರ್ಪು ಕೊಡಬೇಕು: ದೊಡ್ಡ ಕಡತವನ್ನು ಉಳಿಸುವುದೊ, ಕಡೆಯಲ್ಲಿ ಬರೆದದ್ದನ್ನೊ, ಅಥವಾ ಇಂಥ ಇಟ್ಟಿಗೆಯದೆಂದು ಹೆಸರಿಸಿ ಉಳಿಸುವುದೊ? ಯಾವುದನ್ನು ಆರಿಸಿದರೂ ಇನ್ನೊಂದರಲ್ಲಿದ್ದ ಯಾರದೋ ಒಂದು ದಿನದ ದುಡಿಮೆ ಅಳಿಯುತ್ತದೆ.

ಇದನ್ನು ತಡೆಯುವ ಉಪಾಯ ಬಹುಮತ. ಮೂರು ಪ್ರತಿಗಳಲ್ಲಿ ಕನಿಷ್ಠ ಎರಡು ಹಾಜರಿದ್ದರೆ ಮಾತ್ರ ಬರೆಯಬಹುದೆಂದು ಕಟ್ಟುಮಾಡುತ್ತಾರೆ. ಮೂವರಲ್ಲಿ ಇಬ್ಬಿಬ್ಬರ ಯಾವ ಎರಡು ಗುಂಪುಗಳನ್ನು ಆರಿಸಿದರೂ ಒಬ್ಬನಾದರೂ ಎರಡರಲ್ಲಿಯೂ ಇರಲೇಬೇಕಲ್ಲವೆ? ಆ ಒಬ್ಬನೇ ಸೋಮವಾರಕ್ಕೂ ಮಂಗಳವಾರಕ್ಕೂ ಸಾಕ್ಷಿ. ಮೂರನೆಯ ಪೂರ್ಣ ಪ್ರತಿಗೆ ಡಿಸ್ಕು ಸಾಲದವರಿಗಾಗಿ 2015ರಲ್ಲಿ ಬಂದ ಗ್ಲಸ್ಟರಿನ 3.7ನೆಯ ಆವೃತ್ತಿಯಲ್ಲಿ ಮಧ್ಯಸ್ಥ ಇಟ್ಟಿಗೆಯನ್ನು ಸೇರಿಸಿದರು. ಅದರಲ್ಲಿ ಕಡತಗಳ ಹೆಸರೂ ದೂರುಗಳೂ ಇರುತ್ತವೆ, ಒಳಗಿನ ಬರಹವಿರುವುದಿಲ್ಲ. ಸಾಕ್ಷಿ ಹೇಳಲು ಅಷ್ಟು ಸಾಕು.

ಸ್ವಸ್ಥವಾಗುವುದಕ್ಕೂ ಕಾಲ ಬೇಕು. ಡಿಸ್ಕನ್ನೇ ಬದಲಾಯಿಸಿದ ಸಂದರ್ಭದಲ್ಲಿ 4 ಟೆರಾಬೈಟುಗಳಷ್ಟು ಕಡತಗಳನ್ನು ಸೆಕೆಂಡಿಗೆ 100 ಮೆಗಾಬೈಟಿನಂತೆ ನಕಲಿಸಿದರೆ 40,000 ಸೆಕೆಂಡು, ಎಂದರೆ 11 ಗಂಟೆಗೂ ಮಿಕ್ಕಿ ಬೇಕು. ಅಷ್ಟು ಹೊತ್ತೂ ಭಂಡಾರ ಒಂದು ಕಾಲು ಕುಂಟಿರುತ್ತದೆ. ಎದ್ದು ನಿಂತ ಯಂತ್ರವನ್ನು ಕಂಡು ಸಮಾಧಾನಗೊಂಡು, ದೂರುಪಟ್ಟಿ ಬರಿದಾಗುವ ಮುನ್ನವೇ ಎರಡನೆಯ ಯಂತ್ರವನ್ನು ರಿಪೇರಿಗೆಂದು ನಿಲ್ಲಿಸುವುದು ಮಾಡಬಾರದ ತಪ್ಪು. ಯಂತ್ರ ಎದ್ದಿತೆಂಬುದು ಗುಣವಾದುದರ ಲಕ್ಷಣವಲ್ಲ. ದೂರುಗಳ ಎಣಿಕೆ ಸೊನ್ನೆಗಿಳಿದದ್ದೇ ಗುಣವಾದುದರ ಲಕ್ಷಣ.

ಈ ಸಂಗತಿಗಳನ್ನು ಓದಿ ನಂಬಬೇಕಾಗಿಲ್ಲ, ವಿದ್ಯಾರ್ಥಿಗಳು ಸ್ವತಃ ಮಾಡಿ ನೋಡಬಹುದು. ಸಾಧಾರಣವಾದ ಒಂದು ಗಣಕಯಂತ್ರದೊಳಗೆ ಮೂರು ಕಲ್ಪಿತ ಯಂತ್ರಗಳನ್ನು ನಿರ್ಮಿಸಿ ಗ್ಲಸ್ಟರನ್ನು ಹಾಕಿ ಮೂರು ಪ್ರತಿಗಳ ಭಂಡಾರ ಕಟ್ಟಿರಿ. ಮೂರನೆಯದನ್ನು ನಿಲ್ಲಿಸಿ ಕೆಲವು ಕಡತಗಳನ್ನು ಬರೆಯಿರಿ. ಉಳಿದೆರಡರ ದೂರುಪಟ್ಟಿಯನ್ನು ನೋಡಿ ಎಣಿಕೆಯನ್ನು ಗುರುತು ಹಾಕಿಕೊಳ್ಳಿರಿ. ಬಳಿಕ ಮೂರನೆಯದನ್ನು ಎಬ್ಬಿಸಿ ಸುಮ್ಮನೆ ಕಾಯಿರಿ. ಎಣಿಕೆ ಇಳಿಯುತ್ತ ಇಳಿಯುತ್ತ ಸೊನ್ನೆಯಾಗುವುದನ್ನು ಒಮ್ಮೆ ಕಣ್ಣಾರೆ ಕಂಡವನು, ಮುಂದೆಂದಾದರೂ ನಿಜವಾದ ಯಂತ್ರ ಮೂಕವಾದಾಗ, ಏನನ್ನಾದರೂ ಅಳಿಸುವ ಮೊದಲು ದೂರುಪಟ್ಟಿಯನ್ನು ತೆರೆದು ನೋಡುವನು.