ತಾಯಿಗೆ ಜ್ವರ, ಕೂಸಿಗೆ ಹಾಲು

ಆರಿದ್ರೆ ಮಳೆ ಹಿಡಿದು ಕೂತಿದೆ. ಮನೆಯಲ್ಲಿ ನಾಲ್ಕು ತಿಂಗಳ ಕೂಸು. ತಾಯಿಗೆ ರಾತ್ರಿಯಿಂದ ಚಳಿ, ಮೈಕೈ ನೋವು. ಥರ್ಮಾಮೀಟರಿನಲ್ಲಿ 102 ಡಿಗ್ರಿ. ಇಂಥ ಬೆಳಗಿನಲ್ಲಿ ಹಿರಿಯರು ಮೊದಲು ಆಡುವ ಮಾತು ನಿಮಗೆ ಗೊತ್ತೇ ಇದೆ: "ಕೂಸನ್ನು ಇತ್ತ ಕೊಡಮ್ಮ, ಜ್ವರದ ಹಾಲು ನಂಜು." ಮಾತಿನ ಹಿಂದಿರುವುದು ಅಕ್ಕರೆಯೇ. ಆದರೆ ಮಾತು ಸರಿಯಲ್ಲ.

ನೆಗಡಿ, ಫ್ಲೂಗಳಂಥ ಸೋಂಕು ಜ್ವರ ಕಾಣಿಸಿಕೊಳ್ಳುವ ಮುನ್ನವೇ ಹರಡತೊಡಗುತ್ತದೆ. ಮೈ ಬಿಸಿಯಾಯಿತೆಂದು ನಿಮಗೆ ತಿಳಿಯುವ ವೇಳೆಗೆ, ನಿಮ್ಮ ತೋಳಿನಲ್ಲೇ ಇರುವ ಕೂಸಿಗೆ ರೋಗಾಣು ತಗುಲಿಯೇ ಇರಬಹುದು. ಇತ್ತ ನಿಮ್ಮ ಶರೀರ ಅದನ್ನು ಎದುರಿಸಲು ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವು ಹಾಲಿನೊಡನೆ ಕೂಸಿಗೂ ಸೇರುತ್ತವೆ. ಈಗ ಎದೆ ಬಿಡಿಸುವುದೆಂದರೆ ರೋಗ ಕೊಟ್ಟು ಮದ್ದು ಕಸಿದುಕೊಂಡಂತೆ. ಅದರ ಬದಲು ನೀರು ಬೆರೆಸಿದ ಹಸುವಿನ ಹಾಲನ್ನು ಬಾಟಲಿಯಲ್ಲಿ ಕುಡಿಸಿ, ಭೇದಿಯನ್ನು ಮನೆಗೆ ಕರೆಯುವವರೂ ಉಂಟು.

ಆದುದರಿಂದ ಕೈಯನ್ನು ಸೋಪಿನಿಂದ ತೊಳೆದು, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಹಾಲು ಕೊಡಿ. ಕೂರಲಾಗದಿದ್ದರೆ ಮಗ್ಗುಲಾಗಿ ಮಲಗಿಯೇ ಕೊಡಬಹುದು. ಆದರೆ ಮಂಪರಿದ್ದರೆ ಪಕ್ಕದಲ್ಲಿ ಒಬ್ಬರು ಎಚ್ಚರವಿದ್ದು, ಕುಡಿದಾದ ಮೇಲೆ ಕೂಸನ್ನು ಎತ್ತಿಕೊಳ್ಳಬೇಕು. ಅದೂ ಆಗದಷ್ಟು ನಿತ್ರಾಣವೆ? ಹಾಲು ಹಿಂಡಿ ತೆಗೆದು, ಕುದಿಸಿ ತೊಳೆದ ಒಳಲೆಯಲ್ಲಿ ಅಜ್ಜಿ ಕುಡಿಸಲಿ. ನಮ್ಮ ಒಳಲೆ ಬಾಟಲಿಗಿಂತ ಮೇಲು. ಅದರಲ್ಲಿ ಕೊಳೆ ಅವಿತುಕೊಳ್ಳುವ ಮೂಲೆಗಳಿಲ್ಲ. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ ತಡೆದೀತು. ಸೆಕೆಗಾಲದಲ್ಲಿ ಅಷ್ಟೂ ಇಡದಿರುವುದು ಲೇಸು.

ಬಾಣಂತಿಗೆ ನೀರು ಕೊಡಬಾರದೆಂಬ ಹಳೆಯ ಪಥ್ಯವನ್ನು ದಯವಿಟ್ಟು ಈ ದಿನಗಳಲ್ಲಿ ಮರೆತುಬಿಡಿ. ಜ್ವರದಲ್ಲಿ ಬೆವರಾಗಿ ಹೋಗುವ ನೀರು ಮತ್ತೆ ಒಳಗೆ ಸೇರಲೇಬೇಕು. ಗಂಜಿ, ತಿಳಿಸಾರು, ಕಾಯಿಸಿ ಆರಿಸಿದ ನೀರು, ಯಾವುದಾದರೂ ಆಗಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಹಾಲೂಡುವ ತಾಯಿಗೆ ಒಗ್ಗುತ್ತದೆ, ಆಸ್ಪಿರಿನ್ ಬೇಡ. ಬೇರೆ ಯಾವ ಗುಳಿಗೆಯಾದರೂ, "ಕೂಸಿಗೆ ಹಾಲು ಕೊಡುತ್ತಿದ್ದೇನೆ" ಎಂದು ವೈದ್ಯರಿಗೆ ಮೊದಲೇ ಹೇಳಿ.

ಎದೆಗೇ ಬಾವು ಬಂದು ಕೆಂಪಾಗಿ ಜ್ವರ ಏರಿದಾಗ ನೋವಿಗೆ ಹೆದರಿ ಹಾಲು ನಿಲ್ಲಿಸಿದರೆ ಕೀವುಗಟ್ಟುವ ಅಪಾಯ ಹೆಚ್ಚು. ಎಂದಿನಂತೆ ಕುಡಿಸುತ್ತಿರಿ. ತಣ್ಣನೆಯ ಬಟ್ಟೆ ಹಾಕಿ. ಬಿರುಸಾಗಿ ಅಮುಕಿ ತಿಕ್ಕಬೇಡಿ. ಒಂದು ದಿನದಲ್ಲಿ ಇಳಿಯದಿದ್ದರೆ ವೈದ್ಯರನ್ನು ಕಾಣಿ.

ನಿಲ್ಲಿಸಲೇಬೇಕಾದ ಸಂದರ್ಭಗಳು ಕೆಲವೇ: ಕ್ಯಾನ್ಸರಿನ ಕೆಲವು ಔಷಧಗಳು, ವಿಕಿರಣಶೀಲ ಅಯೋಡಿನ್ ಚಿಕಿತ್ಸೆ ಇಂಥವು. ಕ್ಷಯವಿದ್ದ ತಾಯಿಯೂ ಚಿಕಿತ್ಸೆ ಪಡೆಯುತ್ತ, ವೈದ್ಯರ ಸಲಹೆಯಂತೆ ಕೂಸಿಗೆ ರಕ್ಷಣೆಯ ಔಷಧ ಕೊಡಿಸಿ ಹಾಲೂಡಬಹುದು.

ಇನ್ನು ಕೂಸಿನ ಮೇಲೆ ಕಣ್ಣಿರಲಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ, ಯಾವ ವಯಸ್ಸಿನ ಕೂಸಾದರೂ ಹಾಲು ಕಚ್ಚದಿದ್ದರೆ, ಉಸಿರು ಏದುಸಿರಾದರೆ, ಅಥವಾ ಒದ್ದೆ ಬಟ್ಟೆಗಳ ಲೆಕ್ಕ ಇದ್ದಕ್ಕಿದ್ದಂತೆ ಇಳಿದರೆ, ಮಳೆ ನಿಲ್ಲಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ತಾಯಿಯೂ ಜೊತೆಯಲ್ಲೇ ಹೋಗಲಿ. ದಾರಿಯಲ್ಲಿ ಕೂಸಿಗೆ ಹಸಿವಾದೀತು.